ಪೂರ್ತಿ ಹಲ್ಲು ಹೋದ ಮೇಲೆ: ಸೆಟ್ಟು ಸಾಕಾ, ಇಂಪ್ಲಾಂಟ್ ಬೇಕಾ?

ಬಾಯಲ್ಲಿ ಹಲ್ಲೇ ಉಳಿದಿಲ್ಲ, ಅಥವಾ ಉಳಿದಿರುವ ನಾಲ್ಕೈದೂ ಅಲ್ಲಾಡುತ್ತಿವೆ. ಕ್ಲಿನಿಕ್‌ಗೆ ಹೋದರೆ "ಎಲ್ಲ ತೆಗೆದು ಫುಲ್ ಮೌತ್ ಇಂಪ್ಲಾಂಟ್ ಮಾಡಿಬಿಡೋಣ" (ಅಂದರೆ ದವಡೆ ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವುದು) ಅಂತಾರೆ, ಐದಾರು ಲಕ್ಷದ ಲೆಕ್ಕ ಬರೆದುಕೊಡುತ್ತಾರೆ. ಮನೆಗೆ ಬಂದರೆ ನೆಂಟರು "ಅಷ್ಟು ದುಡ್ಡು ಯಾಕೆ, ಸೆಟ್ಟು ಹಾಕಿಸಿದರೆ ಆಯ್ತು" ಅಂತಾರೆ. ಇಬ್ಬರೂ ಇಡೀ ಬಾಯಿಯನ್ನು ಒಂದೇ ಲೆಕ್ಕಕ್ಕೆ ಹಿಡಿಯುತ್ತಿದ್ದಾರೆ. ಅಲ್ಲೇ ಎಡವಟ್ಟಾಗೋದು. ಮೇಲಿನ ದವಡೆಯ ಕಷ್ಟ ಬೇರೆ, ಕೆಳಗಿನ ದವಡೆಯ ಕಷ್ಟ ಬೇರೆ. ಎರಡಕ್ಕೂ ಬೇರೆ ಬೇರೆ ತೀರ್ಮಾನ ತಗೊಳ್ಳಬಹುದು. ಮೇಲೆ ಮಾಮೂಲಿ ಸೆಟ್ಟು, ಕೆಳಗೆ ಮಾತ್ರ ಎರಡು ಇಂಪ್ಲಾಂಟ್, ಹೀಗೂ ಮಾಡಿಸಬಹುದು ಅಂತ ಎಷ್ಟೋ ಜನರಿಗೆ ಯಾರೂ ಹೇಳಿಯೇ ಇರುವುದಿಲ್ಲ. ನಮ್ಮ ಮನೆಯ ಹಿರಿಯರನ್ನು ಕರೆದುಕೊಂಡು ಈ ವಿಷಯಕ್ಕೆ ಸಾಕಷ್ಟು ಓಡಾಡಿದ್ದೇನೆ, ಓದಿಕೊಂಡಿದ್ದೇನೆ. ನಾನು ಡಾಕ್ಟರ್ ಅಲ್ಲ. ಆದರೆ ಡಾಕ್ಟರ ಮುಂದೆ ಕೂರುವ ಮೊದಲು ಇಷ್ಟು ಗೊತ್ತಿದ್ದರೆ ಮಾತು ಸರಿಯಾದ ಜಾಗದಿಂದ ಶುರುವಾಗುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಉಳಿದಿರುವ ಹಲ್ಲನ್ನು ಕೀಳಿಸುವ ಮೊದಲು ಎರಡನೇ ಡಾಕ್ಟರ ಹತ್ತಿರ ತೋರಿಸಿ. ಒಸಡಿನ ಚಿಕಿತ್ಸೆ, ರೂಟ್ ಕೆನಾಲ್, ಕ್ಯಾಪ್ ಇಂಥವುಗಳಿಂದ ಉಳಿಯುವ ಹಲ್ಲಿದ್ದರೆ ಉಳಿಸಿಕೊಳ್ಳಬೇಕು. ಕೆಳಗಡೆ ಎರಡು ಕೋರೆ ಹಲ್ಲು ಗಟ್ಟಿಯಾಗಿದ್ದರೂ ಅವುಗಳ ಮೇಲೆ ಸೆಟ್ಟು ಕೂರಿಸುವ ವಿಧಾನ ಇದೆ. ಕಿತ್ತ ಮೇಲೆ ವಾಪಸ್ ಬರಲ್ಲ.

ಮೂಳೆಯ ವಿಷಯ ಗೊತ್ತಾದರೆ ಅರ್ಧ ಗೊತ್ತಾದ ಹಾಗೆ

ಹಲ್ಲಿನ ಬೇರು ಇರುವವರೆಗೆ ಅದನ್ನು ಹಿಡಿದುಕೊಂಡ ದವಡೆ ಮೂಳೆಗೂ ಕೆಲಸ ಇರುತ್ತದೆ. ಬೇರು ಹೋಯಿತು ಅಂದರೆ ಮೂಳೆ ಕರಗಲು ಶುರುವಾಗುತ್ತದೆ. ಮೊದಲ ವರ್ಷದಲ್ಲೇ ಜಾಸ್ತಿ ಕರಗುತ್ತದೆ, ಆಮೇಲೆ ನಿಧಾನವಾಗಿ, ಆದರೆ ಜೀವನಪೂರ್ತಿ. ಕೆಳದವಡೆಯಲ್ಲಿ ಹಲ್ಲು ಕೂತಿದ್ದ ಮೂಳೆಯ ದಿಂಡು ಮೇಲಿನದಕ್ಕಿಂತ ಸುಮಾರು 4 ಪಟ್ಟು ಹೆಚ್ಚು ಸವೆಯುತ್ತದೆ ಅನ್ನುವುದು 1972ರಲ್ಲೇ ವರದಿಯಾದ ವಿಷಯ. ವಯಸ್ಸಾದವರ ಗದ್ದ ಮುಂದೆ ಬಂದು, ತುಟಿ ಒಳಕ್ಕೆ ಮಡಚಿಕೊಂಡು, ಮೂಗಿಗೂ ಗದ್ದಕ್ಕೂ ಅಂತರ ಕಡಿಮೆಯಾಗಿ ಕಾಣುವುದು ಇದೇ ಕಾರಣಕ್ಕೆ.

ಈಗ ಮೇಲೆ ಕೆಳಗೆ ಯಾಕೆ ಬೇರೆ ಅಂತ ನೋಡಿ. ಮೇಲಿನ ಸೆಟ್ಟು ಅಂಗುಳ ಪೂರ್ತಿ ಮುಚ್ಚಿಕೊಂಡು ಕೂರುತ್ತದೆ. ಅಗಲವಾದ ಜಾಗ, ಮಧ್ಯೆ ತೆಳುವಾದ ಎಂಜಲಿನ ಪದರ, ಹಾಗಾಗಿ ಅದು ಹೀರಿಕೊಂಡ ಹಾಗೆ ಅಂಟಿಕೊಳ್ಳುತ್ತದೆ. ಕೆಳಗಿನ ಸೆಟ್ಟಿಗೆ ಆ ಭಾಗ್ಯ ಇಲ್ಲ. ಅದು ಬರೀ ಕುದುರೆ ಲಾಳದ ಆಕಾರದ ಕಿರಿದಾದ ಪಟ್ಟಿ. ನಡುವೆ ನಾಲಿಗೆ, ಹೊರಗೆ ಕೆನ್ನೆ, ಮುಂದೆ ತುಟಿ, ಮೂರೂ ಸೇರಿ ಅದನ್ನು ಎತ್ತುತ್ತಲೇ ಇರುತ್ತವೆ. ಕೆಳಗಿನ ಮೂಳೆ ಬೇರೆ ಬೇಗ ಸವೆದಿರುತ್ತದೆ. ಹಾಗಾಗಿ "ಸೆಟ್ಟು ಕೂರಲ್ಲ, ಚುಚ್ಚುತ್ತೆ, ಮಾತಾಡುವಾಗ ಎದ್ದು ಬರುತ್ತೆ" ಅನ್ನುವವರನ್ನು ಯಾವುದು ಅಂತ ಬಿಡಿಸಿ ಕೇಳಿದರೆ ಹೆಚ್ಚಿನವರು ಕೆಳಗಿನದನ್ನೇ ತೋರಿಸುತ್ತಾರೆ. ಮೇಲಿನದನ್ನು ಹಾಕಿಕೊಂಡು ಕೆಳಗಿನದನ್ನು ಡಬ್ಬಿಯಲ್ಲಿಟ್ಟು ಓಡಾಡುವ ಅಜ್ಜ ಅಜ್ಜಿಯರು ಪ್ರತಿ ಊರಲ್ಲೂ ಇದ್ದಾರೆ, ಅಲ್ವಾ?

ಮಾಮೂಲಿ ಸೆಟ್ಟು

ಇದನ್ನು ಕೀಳಾಗಿ ನೋಡಬೇಡಿ. ಸರಿಯಾಗಿ ಅಳತೆ ತೆಗೆದು, ದವಡೆ ಕೂಡುವ ಜಾಗ ಗುರುತಿಸಿ, ಮೇಣದಲ್ಲಿ ಹಲ್ಲು ಜೋಡಿಸಿ ಬಾಯಲ್ಲಿಟ್ಟು ನೋಡಿ ಮಾಡಿದ ಸೆಟ್ಟು ಎಷ್ಟೋ ಜನರಿಗೆ ಚೆನ್ನಾಗಿಯೇ ಒಗ್ಗುತ್ತದೆ. ಇದಕ್ಕೆ ನಾಲ್ಕೈದು ಸಲ ಹೋಗಬೇಕು. ಒಂದೇ ಸಲ ಅಳತೆ ತೆಗೆದು ಮುಂದಿನ ಸಲ ಕೈಗೆ ಕೊಟ್ಟುಬಿಡುವ ಕಡೆ ಮಾಡಿಸಿದರೆ ಚುಚ್ಚದೆ ಇನ್ನೇನಾಗುತ್ತದೆ? ಆಪರೇಷನ್ ಇಲ್ಲ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದರೂ ಅಡ್ಡಿಯಿಲ್ಲ, ಖರ್ಚು ಕಡಿಮೆ. ಬೆಂಗಳೂರು, ಮೈಸೂರಿನ ಖಾಸಗಿ ಕ್ಲಿನಿಕ್‌ಗಳಲ್ಲಿ ಎರಡೂ ದವಡೆಗೆ ಸುಮಾರು 15,000ದಿಂದ 50,000 ರೂಪಾಯಿ. ಡೆಂಟಲ್ ಕಾಲೇಜುಗಳಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಬಿಪಿಎಲ್ ಕಾರ್ಡ್ ಇರುವ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡಲು ಕರ್ನಾಟಕ ಸರ್ಕಾರ ತಂದ ದಂತ ಭಾಗ್ಯ ಯೋಜನೆಯ ಬಗ್ಗೆ ಜಿಲ್ಲಾಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ.

ಆದರೆ ಇದರ ಮಿತಿಯನ್ನೂ ಮುಚ್ಚಿಡಬಾರದು. ಸ್ವಂತ ಹಲ್ಲಿದ್ದಾಗ ಕಚ್ಚುತ್ತಿದ್ದ ಬಲದಲ್ಲಿ ಸ್ವಲ್ಪ ಭಾಗ ಮಾತ್ರ ವಾಪಸ್ ಬರುತ್ತದೆ. ಮುದ್ದೆ, ಅನ್ನ, ಇಡ್ಲಿ, ಚಪಾತಿ ಎಲ್ಲ ನಡೆಯುತ್ತದೆ. ಕಡಕ್ ರೊಟ್ಟಿ, ಚಕ್ಕುಲಿ, ಹುರಿದ ಕಡಲೆಕಾಯಿ, ಗಟ್ಟಿ ಮಟನ್ ಕಷ್ಟ. ಕಾಯಿತುರಿ, ಎಳ್ಳು, ಟೊಮೇಟೊ ಬೀಜ ಸೆಟ್ಟಿನ ಅಡಿಗೆ ಸೇರಿಕೊಂಡರೆ ಊಟದ ಮಧ್ಯೆ ಎದ್ದು ಹೋಗಿ ತೊಳೆಯಬೇಕು. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತವರಿಗೆ ಇದು ಸಣ್ಣ ಕಷ್ಟವಲ್ಲ. ಅಂಗುಳ ಮುಚ್ಚುವುದರಿಂದ ರುಚಿ, ಬಿಸಿ ಸರಿಯಾಗಿ ಗೊತ್ತಾಗಲ್ಲ ಅನ್ನುವವರೂ ಇದ್ದಾರೆ. ಮೂಳೆ ಕರಗುವುದು ನಿಲ್ಲುವುದಿಲ್ಲವಾದ್ದರಿಂದ ಕೆಲವು ವರ್ಷಕ್ಕೆ ಸೆಟ್ಟು ಸಡಿಲವಾಗುತ್ತದೆ. ಆಗ ಒಳಗಡೆ ಹೊಸ ಪದರ ಕೊಡಿಸಬೇಕು, ಐದರಿಂದ ಏಳೆಂಟು ವರ್ಷಕ್ಕೆ ಹೊಸದೇ ಬೇಕಾಗಬಹುದು. ಹತ್ತು ಹದಿನೈದು ವರ್ಷ ಹಳೆಯ ಸೆಟ್ಟಿಗೆ ದಿನಾ ಅಂಟು ಪುಡಿ ಹಾಕಿಕೊಂಡು ತಳ್ಳುತ್ತಿದ್ದರೆ ಮೊದಲು ಹೊಸ ಸೆಟ್ಟು ಮಾಡಿಸಿ ನೋಡಿ, ಇಂಪ್ಲಾಂಟ್ ಯೋಚನೆ ಆಮೇಲೆ.

ಎರಡು ಇಂಪ್ಲಾಂಟ್, ಅದರ ಮೇಲೆ ಸೆಟ್ಟು

ನನ್ನ ಪ್ರಕಾರ ಅತಿ ಹೆಚ್ಚು ಜನರಿಗೆ ಉಪಯೋಗವಾಗುವ, ಆದರೆ ಅತಿ ಕಡಿಮೆ ಜನ ಕೇಳಿರುವ ಆಯ್ಕೆ ಇದು. ಕೆಳದವಡೆಯ ಮುಂಭಾಗದಲ್ಲಿ, ಎಡ ಬಲ ಕೋರೆ ಹಲ್ಲಿದ್ದ ಜಾಗಗಳ ಹತ್ತಿರ ಒಂದೊಂದು ಟೈಟೇನಿಯಂ ಸ್ಕ್ರೂ ಕೂರಿಸುತ್ತಾರೆ. ಮೂಳೆ ಅದನ್ನು ಹಿಡಿದುಕೊಂಡ ಮೇಲೆ ಸ್ಕ್ರೂವಿನ ತಲೆಗೆ ಒಂದು ಗುಂಡಿ ಹಾಕುತ್ತಾರೆ. ಸೆಟ್ಟಿನ ಅಡಿಯಲ್ಲಿ ಅದಕ್ಕೆ ಹೊಂದುವ ಕುಳಿ ಇರುತ್ತದೆ. ರವಿಕೆಯ ಟಿಚ್ ಬಟನ್ ಹಾಗೆ ಟಕ್ ಅಂತ ಕೂರುತ್ತದೆ. ರಾತ್ರಿ ತೆಗೆದು ತೊಳೆದು ಇಡಬಹುದು, ಬೆಳಗ್ಗೆ ಹಾಕಿಕೊಳ್ಳಬಹುದು. ಊಟ ಮಾಡುವಾಗ, ನಗುವಾಗ, ಸೀನುವಾಗ ಎದ್ದು ಬರುವುದಿಲ್ಲ.

2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಕೆಳದವಡೆಯಲ್ಲಿ ಒಂದೂ ಹಲ್ಲಿಲ್ಲದವರಿಗೆ ಮೊದಲು ಸೂಚಿಸಬೇಕಾದದ್ದೇ ಇದು, ಮಾಮೂಲಿ ಸೆಟ್ಟು ಇನ್ನು ಮೊದಲ ಆಯ್ಕೆಯಲ್ಲ ಅಂತ ಒಮ್ಮತಕ್ಕೆ ಬಂದರು. 2009ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲೂ ಇದೇ ಮಾತು ಬಂತು. ಇಷ್ಟು ವರ್ಷವಾದರೂ ನಮ್ಮ ಕಡೆ ಇದರ ಜಾಹೀರಾತು ಅಷ್ಟಾಗಿ ಕಾಣಲ್ಲ. ಬೋರ್ಡಿನಲ್ಲಿ ದೊಡ್ಡದಾಗಿ ಬರುವುದು ನಾವಾಗಿ ತೆಗೆಯಲಾಗದ ಫಿಕ್ಸೆಡ್ ಹಲ್ಲೇ.

ಇದರ ಒಳ್ಳೆಯದು ಹಲವು. ಆಪರೇಷನ್ ಸಣ್ಣದು. ಕೆಳದವಡೆಯ ಮುಂಭಾಗದ ಮೂಳೆ ಗಟ್ಟಿ, ಎಷ್ಟೋ ವರ್ಷ ಹಲ್ಲಿಲ್ಲದವರಲ್ಲೂ ಅಲ್ಲಿ ಸ್ಕ್ರೂಗೆ ಸಾಕಾಗುವಷ್ಟು ಮೂಳೆ ಉಳಿದಿರುತ್ತದೆ, ದೊಡ್ಡ ನರದ ಭಯವೂ ಹಿಂಭಾಗಕ್ಕಿಂತ ಕಡಿಮೆ. ಇಂಪ್ಲಾಂಟ್ ಸುತ್ತಲಿನ ಮೂಳೆ ಕರಗುವುದು ನಿಧಾನವಾಗುತ್ತದೆ. ಈಗಿರುವ ಸೆಟ್ಟು ಚೆನ್ನಾಗಿದ್ದರೆ ಕೆಲವೊಮ್ಮೆ ಅದನ್ನೇ ತಿದ್ದಿ ಕೂರಿಸಿಕೊಡುತ್ತಾರೆ. ಖರ್ಚು, ಇಂಪ್ಲಾಂಟ್ ಕಂಪನಿಯ ಮೇಲೆ ಹೋಗುತ್ತದೆ, ಸುಮಾರಾಗಿ 80,000ದಿಂದ ಒಂದೂವರೆ ಲಕ್ಷದ ಆಸುಪಾಸು.

ಹಾಗಂತ ಇದು ಸ್ವಂತ ಹಲ್ಲಿನ ಹಾಗೆ ಇರಲ್ಲ. ಹಿಂದಿನ ಭಾಗ ಇನ್ನೂ ಒಸಡಿನ ಮೇಲೇ ಕೂತಿರುತ್ತದೆ, ಗಟ್ಟಿ ಪದಾರ್ಥ ಕಚ್ಚಿದರೆ ಅಲ್ಲಿ ಒತ್ತುತ್ತದೆ, ಬೀಜ ಸಿಕ್ಕಿಹಾಕಿಕೊಳ್ಳುವುದು ಪೂರ್ತಿ ತಪ್ಪುವುದಿಲ್ಲ. ಕುಳಿಯೊಳಗಿನ ನೈಲಾನ್ ತುಂಡು ಸವೆಯುತ್ತದೆ, ವರ್ಷಕ್ಕೋ ಎರಡು ವರ್ಷಕ್ಕೋ ಬದಲಾಯಿಸಬೇಕು. ಆ ತುಂಡು ನಿಮ್ಮ ಊರಿನ ಹತ್ತಿರ ಸಿಗುತ್ತದಾ, ಎಷ್ಟಾಗುತ್ತದೆ ಅಂತ ಮಾಡಿಸುವ ಮೊದಲೇ ಕೇಳಿ. "ಬಾಯಿಂದ ಹಲ್ಲು ತೆಗೆಯೋದೇ ಬೇಡ ನನಗೆ" ಅನ್ನುವವರಿಗೆ ಇದು ಸಮಾಧಾನ ಕೊಡಲ್ಲ. ಆ ಆಸೆ ತಪ್ಪೇನೂ ಅಲ್ಲ. ಹಲ್ಲಿಲ್ಲದೆ ಕನ್ನಡಿ ಮುಂದೆ ನಿಲ್ಲುವುದು, ಗಂಡನ ಮುಂದೆ ಹೆಂಡತಿಯ ಮುಂದೆ ಸೆಟ್ಟು ತೆಗೆದಿಡುವುದು ಕೆಲವರಿಗೆ ತುಂಬಾ ನೋವಿನ ವಿಷಯ. ಅದನ್ನು ಮನೆಯವರು ಹಗುರವಾಗಿ ತಗೊಳ್ಳಬಾರದು.

ಮೇಲಿನ ದವಡೆಗೆ ಇದೇ ವಿಧಾನ ಮಾಡಿಸುವುದಾದರೆ ಎರಡು ಸಾಲದು. ಅಲ್ಲಿನ ಮೂಳೆ ಮೆದು. ನಾಲ್ಕಾದರೂ ಬೇಕು. ನಾಲ್ಕು ಹಾಕಿದರೆ ಅಂಗುಳ ಮುಚ್ಚದ ಸೆಟ್ಟು ಮಾಡಿಸಿಕೊಳ್ಳುವ ಅವಕಾಶ ಸಿಗುತ್ತದೆ. ಮೇಲಿನ ಸೆಟ್ಟು ಹಾಕಿದರೆ ವಾಕರಿಕೆ ಬರುವವರಿಗೆ ಇದು ದೊಡ್ಡ ನೆಮ್ಮದಿ.

ಫಿಕ್ಸೆಡ್ ಹಲ್ಲು: ನಾಲ್ಕರ ಮೇಲಾ, ಆರರ ಮೇಲಾ

ಟೈಟೇನಿಯಂ ಮೂಳೆಗೆ ಅಂಟಿಕೊಂಡು ಒಂದಾಗುತ್ತದೆ ಅಂತ ಸ್ವೀಡನ್ನಿನ ಪೆರ್ ಇಂಗ್ವಾರ್ ಬ್ರೋನೆಮಾರ್ಕ್ ಮೊಲಗಳ ಮೇಲೆ ಬೇರೇನೋ ಸಂಶೋಧನೆ ಮಾಡುತ್ತಿದ್ದಾಗ 1950ರ ದಶಕದಲ್ಲಿ ಗಮನಿಸಿದರು. 1965ರಲ್ಲಿ ಯೋಸ್ಟಾ ಲಾರ್ಸನ್ ಎನ್ನುವವರ ಕೆಳದವಡೆಯಲ್ಲಿ ಇಂಪ್ಲಾಂಟ್ ಹಾಕಿದರು. 2006ರಲ್ಲಿ ಅವರು ತೀರಿಕೊಳ್ಳುವವರೆಗೂ ಅವು ಕೆಲಸ ಮಾಡುತ್ತಿದ್ದವು. ಅಂದರೆ ಈ ತಂತ್ರ ಹೊಸದಲ್ಲ, ಪ್ರಯೋಗದ ಹಂತದಲ್ಲೂ ಇಲ್ಲ. ಸರಿಯಾಗಿ ಹಾಕಿದ ಇಂಪ್ಲಾಂಟ್‌ಗಳಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಹತ್ತು ವರ್ಷದ ನಂತರವೂ ಬಾಯಲ್ಲೇ ಇರುತ್ತವೆ.

ಒಂದೊಂದು ಹಲ್ಲಿಗೂ ಒಂದೊಂದು ಇಂಪ್ಲಾಂಟ್ ಬೇಕಾಗಿಲ್ಲ. ಯಾರಾದರೂ ಒಂದು ದವಡೆಗೆ ಹತ್ತು ಹನ್ನೆರಡು ಮಾಮೂಲಿ ಇಂಪ್ಲಾಂಟ್ ಲೆಕ್ಕ ಬರೆದರೆ ಯಾಕೆ ಅಂತ ಕೇಳಿ. ಪೋರ್ಚುಗಲ್ ದೇಶದ ಪಾಲೋ ಮಾಲೋ ಅನ್ನುವ ಡಾಕ್ಟರು 1990ರ ದಶಕದ ಕೊನೆಯಲ್ಲಿ ನಾಲ್ಕೇ ಇಂಪ್ಲಾಂಟ್ ಮೇಲೆ ಇಡೀ ಸಾಲು ಕೂರಿಸುವ ವಿಧಾನ ರೂಪಿಸಿದರು. ಅದೇ ಈಗ ಎಲ್ಲರೂ ಹೇಳುವ ಆಲ್ ಆನ್ ಫೋರ್. ಮುಂದಿನ ಎರಡು ನೇರ, ಹಿಂದಿನ ಎರಡು ಓರೆ. ಯಾಕೆ ಓರೆ ಅಂದರೆ, ಮೇಲಿನ ದವಡೆಯ ಹಿಂಭಾಗದಲ್ಲಿ ಸೈನಸ್ ಅನ್ನುವ ಗಾಳಿಯ ಗೂಡು ಇದೆ, ಕೆಳದವಡೆಯ ಹಿಂಭಾಗದಲ್ಲಿ ತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುವ ನರ ಹಾದುಹೋಗುತ್ತದೆ. ಓರೆಯಾಗಿ ಹಾಕಿದರೆ ಅವೆರಡನ್ನೂ ಮುಟ್ಟದೆ ಉದ್ದದ ಸ್ಕ್ರೂ ಕೂರಿಸಬಹುದು, ಮೂಳೆ ಕಸಿ ಮಾಡುವ ಅಗತ್ಯವೂ ಎಷ್ಟೋ ಜನರಿಗೆ ತಪ್ಪುತ್ತದೆ.

ನಾಲ್ಕಾ ಆರಾ ಅನ್ನುವ ಚರ್ಚೆ ಡಾಕ್ಟರುಗಳಲ್ಲೇ ಇದೆ. ಎರಡೂ ಚೆನ್ನಾಗಿ ಬಾಳಿಕೆ ಬರುತ್ತವೆ. ನನಗೆ ಸರಿ ಅನ್ನಿಸುವುದು ಹೀಗೆ. ಕೆಳದವಡೆಯಲ್ಲಿ ಮೂಳೆ ಗಟ್ಟಿ ಇದ್ದರೆ ನಾಲ್ಕು ಸಾಕು. ಮೇಲಿನ ದವಡೆಯಲ್ಲಿ, ಮೆದು ಮೂಳೆ ಇರುವವರಲ್ಲಿ, ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಇರುವವರಲ್ಲಿ ಆರು ಒಳ್ಳೆಯದು. ನಾಲ್ಕರಲ್ಲಿ ಒಂದು ಕೈಕೊಟ್ಟರೆ ಇಡೀ ಸಾಲಿಗೇ ತೊಂದರೆ, ಆರರಲ್ಲಿ ಒಂದು ಹೋದರೂ ಉಳಿದ ಐದು ತಡೆದುಕೊಳ್ಳುವ ಸಾಧ್ಯತೆ ಇದೆ. ಎಷ್ಟು ಹಾಕಬೇಕು, ಎಲ್ಲಿ ಹಾಕಬೇಕು ಅನ್ನುವುದನ್ನು ದವಡೆಯನ್ನು ಎಲ್ಲ ಕಡೆಯಿಂದ ತೋರಿಸುವ ಸಿಬಿಸಿಟಿ ಸ್ಕ್ಯಾನ್ ನೋಡಿಯೇ ತೀರ್ಮಾನಿಸಬೇಕು. ಬರೀ ಓಪಿಜಿ, ಅಂದರೆ ಇಡೀ ಬಾಯಿಯ ಚಪ್ಪಟೆ ಎಕ್ಸ್‌ರೇ, ಮೂಳೆಯ ಎತ್ತರ ತೋರಿಸುತ್ತದೆ, ದಪ್ಪ ತೋರಿಸಲ್ಲ. ಸ್ಕ್ಯಾನ್ ಇಲ್ಲದೆ ಫುಲ್ ಮೌತ್ ಲೆಕ್ಕ ಕೊಟ್ಟರೆ ಎದ್ದು ಬನ್ನಿ.

ಸಮಯದ ಲೆಕ್ಕದಲ್ಲೂ ಗೊಂದಲ ಜಾಸ್ತಿ. "ಒಂದೇ ದಿನದಲ್ಲಿ ಹಲ್ಲು" ಅನ್ನುವುದು ಸುಳ್ಳಲ್ಲ, ಆದರೆ ಅದು ತಾತ್ಕಾಲಿಕ ಹಲ್ಲು. ಇಂಪ್ಲಾಂಟ್ ಹಾಕಿದಾಗ ಮೂಳೆಯಲ್ಲಿ ಬಿಗಿಯಾಗಿ ಹಿಡಿದುಕೊಂಡರೆ ಮಾತ್ರ ಅದೇ ದಿನವೋ ಕೆಲವು ದಿನದಲ್ಲೋ ಹಗುರವಾದ ಪ್ಲಾಸ್ಟಿಕ್ ಸಾಲು ಕೂರಿಸುತ್ತಾರೆ. ಬಿಗಿ ಸಾಲದಿದ್ದರೆ ಕಾಯಬೇಕು. ಕೂರಿಸಿದ ಮೇಲೂ ಎರಡು ಮೂರು ತಿಂಗಳು ಮೆತ್ತನೆಯ ಊಟವೇ, ಗಂಜಿ, ಮೃದು ಅನ್ನ, ಇಡ್ಲಿ, ಬೇಯಿಸಿದ ತರಕಾರಿ. "ಹಲ್ಲು ಬಂತಲ್ಲ" ಅಂತ ಆ ಸಮಯದಲ್ಲಿ ನಿಪ್ಪಟ್ಟು ಕಡಿದರೆ ಮೂಳೆ ಕೂಡಿಕೊಳ್ಳುವ ಮೊದಲೇ ಸ್ಕ್ರೂ ಅಲ್ಲಾಡುತ್ತದೆ. ಕೆಳಗೆ ಸುಮಾರು 3 ತಿಂಗಳು, ಮೇಲೆ 4ರಿಂದ 6 ತಿಂಗಳು ಆದ ಮೇಲೆ ಕಾಯಂ ಸಾಲು. ಮೂಳೆ ಕಸಿ ಆಗಿದ್ದರೆ ಇನ್ನೂ ತಡ.

ಕಾಯಂ ಸಾಲು ಯಾವುದರದ್ದು? ಲೋಹದ ಚೌಕಟ್ಟಿನ ಮೇಲೆ ಅಕ್ರಿಲಿಕ್ ಹಲ್ಲು ಅಗ್ಗ, ಮುರಿದರೆ ರಿಪೇರಿ ಸುಲಭ, ಆದರೆ ಸವೆಯುತ್ತದೆ, ಬಣ್ಣ ಹಿಡಿಯುತ್ತದೆ. ಜಿರ್ಕೋನಿಯಾ ಅನ್ನುವ ಗಟ್ಟಿ ಬಿಳಿ ಸೆರಾಮಿಕ್ ದುಬಾರಿ, ನೋಡಲು ಚೆಂದ, ಕಲೆ ಕೂರಲ್ಲ, ಆದರೆ ಬಿರುಕು ಬಿಟ್ಟರೆ ಸಾಮಾನ್ಯವಾಗಿ ಹೊಸದೇ ಮಾಡಿಸಬೇಕು. ಲೋಹದ ಮೇಲೆ ಸೆರಾಮಿಕ್ ನಡುವಿನದು, ಸೆರಾಮಿಕ್ ಚಕ್ಕೆ ಏಳುವ ಭಯ ಇದ್ದೇ ಇದೆ. ಇದಕ್ಕಿಂತ ಮುಖ್ಯವಾದದ್ದು ಸಾಲನ್ನು ಸ್ಕ್ರೂ ಹಾಕಿ ಕೂರಿಸುತ್ತಾರಾ, ಸಿಮೆಂಟ್ ಹಾಕಿ ಅಂಟಿಸುತ್ತಾರಾ ಅನ್ನುವುದು. ಸ್ಕ್ರೂ ಆದರೆ ನಾಳೆ ಏನಾದರೂ ಆದಾಗ ಡಾಕ್ಟರು ಬಿಚ್ಚಿ ನೋಡಿ ತೊಳೆದು ಮತ್ತೆ ಹಾಕಬಹುದು. ಸಿಮೆಂಟ್ ಆದರೆ ಬಿಚ್ಚುವುದು ಕಷ್ಟ, ಒಸಡಿನ ಕೆಳಗೆ ಉಳಿದ ಸಿಮೆಂಟ್ ಚೂರು ಸೋಂಕಿಗೆ ದಾರಿ. ಇಡೀ ಸಾಲಿಗೆ ಸ್ಕ್ರೂ ಇರುವುದನ್ನೇ ಕೇಳಿ ಮಾಡಿಸಿ.

ಫಿಕ್ಸೆಡ್ ಹಲ್ಲಿನಲ್ಲಿ ಊಟದ ಸುಖ ನಿಜವಾಗಿಯೂ ದೊಡ್ಡದು. ಜೋಳದ ರೊಟ್ಟಿ ಮುರಿದು ತಿನ್ನಬಹುದು, ಸೀಬೆಹಣ್ಣು ತುಂಡು ಮಾಡಿ ಅಗಿಯಬಹುದು, ಅಂಗುಳ ತೆರೆದಿರುವುದರಿಂದ ಕಾಫಿಯ ಬಿಸಿ ಬಿಸಿಯಾಗಿಯೇ ಗೊತ್ತಾಗುತ್ತದೆ. ಕಬ್ಬು ಸಿಗಿಯುವುದು, ಮೂಳೆ ಕಡಿಯುವುದು ಮಾತ್ರ ಬಿಟ್ಟುಬಿಡಿ.

ಆದರೆ ಎರಡು ವಿಷಯ ಕ್ಲಿನಿಕ್‌ನಲ್ಲಿ ಬೇಗ ಬಾಯಿಬಿಟ್ಟು ಹೇಳಲ್ಲ. ಒಂದು ಮುಖದ ಆಕಾರ. ಮೇಲಿನ ಮೂಳೆ ತುಂಬಾ ಕರಗಿದವರಲ್ಲಿ ಸೆಟ್ಟಿನ ಗುಲಾಬಿ ಭಾಗವೇ ತುಟಿಯನ್ನು ಒಳಗಿಂದ ಎತ್ತಿ ಹಿಡಿದಿರುತ್ತದೆ. ಫಿಕ್ಸೆಡ್ ಸಾಲಿಗೆ ಅಷ್ಟು ದಪ್ಪ ಗುಲಾಬಿ ಭಾಗ ಕೊಟ್ಟರೆ ಅಡಿಯಲ್ಲಿ ತೊಳೆಯಲು ಆಗಲ್ಲ, ಕೊಡದಿದ್ದರೆ ತುಟಿ ಒಳಕ್ಕೆ ಬೀಳುತ್ತದೆ. ಇಂಥವರಿಗೆ ತೆಗೆದು ಹಾಕುವ ಸೆಟ್ಟೇ ಚೆನ್ನಾಗಿ ಕಾಣುತ್ತದೆ. ಟ್ರಯಲ್ ಇಟ್ಟಾಗ ಪಕ್ಕದಿಂದ ಒಂದು ಫೋಟೊ ತೆಗೆದು ಮನೆಯವರಿಗೆಲ್ಲ ತೋರಿಸಿ. ಹಾಗೇ ಅಲ್ಲೇ ಕೂತು ಪೇಪರ್ ಜೋರಾಗಿ ಓದಿ ನೋಡಿ. ತ, ದ, ನ ಹೇಳುವಾಗ ನಾಲಿಗೆ ಮೇಲಿನ ಹಲ್ಲಿನ ಹಿಂಭಾಗಕ್ಕೆ ತಾಗಬೇಕು, ಸ, ಶ ಹೇಳುವಾಗ ಶಿಳ್ಳೆ ಬರಬಾರದು. ಪಾಠ ಹೇಳುವವರು, ಹಾಡುವವರು, ಪೂಜೆ ಮಾಡಿಸುವವರು ಇದನ್ನು ಬಿಡಲೇಬಾರದು, ಹಲ್ಲಿನ ಜೋಡಣೆ ಬದಲಾಯಿಸಲು ಅದೇ ಸರಿಯಾದ ಸಮಯ.

ಎರಡನೆಯದು ಸ್ವಚ್ಛತೆ. ಇಂಪ್ಲಾಂಟ್‌ಗೆ ಹುಳುಕು ಹಿಡಿಯಲ್ಲ ನಿಜ, ಆದರೆ ಸುತ್ತಲಿನ ಒಸಡಿಗೆ, ಮೂಳೆಗೆ ಸೋಂಕು ಹಿಡಿಯುತ್ತದೆ. ಅದು ಬಹಳ ದಿನ ನೋವೇ ಕೊಡದೆ ಮೂಳೆ ತಿನ್ನುತ್ತದೆ. ದಿನಾ ಸಾಲಿನ ಅಡಿಯಲ್ಲಿ ಫ್ಲಾಸ್ ಅನ್ನುವ ದಪ್ಪ ದಾರ ತೂರಿಸಿ ಎಳೆಯಬೇಕು, ಸಂದಿ ಬ್ರಷ್ ಹಾಕಬೇಕು, ನೀರು ಚಿಮ್ಮಿಸುವ ವಾಟರ್ ಫ್ಲಾಸರ್ ಇದ್ದರೆ ಇನ್ನೂ ಒಳ್ಳೆಯದು. ಆರು ತಿಂಗಳಿಗೊಮ್ಮೆ ತೋರಿಸಬೇಕು. ಈಗ 60 ವರ್ಷದವರು ಇದನ್ನೆಲ್ಲ ಮಾಡಿಕೊಳ್ಳುತ್ತಾರೆ. 80 ವರ್ಷಕ್ಕೆ ಕೈ ನಡುಗುವಾಗ, ಮರೆವು ಬಂದಾಗ, ಹಾಸಿಗೆ ಹಿಡಿದಾಗ? ನೋಡಿಕೊಳ್ಳುವವರು ಬಾಯೊಳಗೆ ಕೈ ಹಾಕಿ ಫ್ಲಾಸ್ ಮಾಡುವುದು ಎಷ್ಟು ಕಷ್ಟ ಯೋಚಿಸಿ. ಟಕ್ ಅಂತ ತೆಗೆದು ತೊಳೆಯುವ ಸೆಟ್ಟು ಆ ಹೊತ್ತಿನಲ್ಲಿ ಸೊಸೆಗೂ ಮಗಳಿಗೂ ಹೋಮ್ ನರ್ಸ್‌ಗೂ ಎಷ್ಟೋ ಸುಲಭ. 75 ದಾಟಿದವರಿಗೆ ನಾನು ಫಿಕ್ಸೆಡ್‌ಗಿಂತ ಅದನ್ನೇ ಹೇಳುವುದು ಇದೇ ಕಾರಣಕ್ಕೆ. ಪಾರ್ಕಿನ್ಸನ್ ಇರುವವರಾದರೆ ಗುಂಡಿಯ ಬಿಗಿ ಕಡಿಮೆ ಇಡಿಸಿ, ಇಲ್ಲದಿದ್ದರೆ ಬೆರಳಿಗೆ ತೆಗೆಯಲು ಶಕ್ತಿ ಸಾಲದು.

"ಮೂರೇ ದಿನದಲ್ಲಿ ಕಾಯಂ ಹಲ್ಲು"

ಹೀಗೆ ಜಾಹೀರಾತು ಬರುವುದು ಬೇಸಲ್ ಇಂಪ್ಲಾಂಟ್‌ಗೆ. ನುಣುಪಾದ, ಒಂದೇ ತುಂಡಿನ ಉದ್ದ ಸ್ಕ್ರೂಗಳನ್ನು ದವಡೆಯ ಆಳದ ಗಟ್ಟಿ ಪದರಕ್ಕೆ ಕಚ್ಚಿಸಿ, ಮೂರ್ನಾಲ್ಕು ದಿನದಲ್ಲೇ ಅದರ ಮೇಲೆ ಹಲ್ಲು ಅಂಟಿಸಿಬಿಡುತ್ತಾರೆ. ಒಂದು ದವಡೆಗೆ ಎಂಟು ಹತ್ತು ಬೇಕಾಗುತ್ತದೆ. ಮೂಳೆ ಕಡಿಮೆ ಇರುವವರಿಗೂ ಆಗುತ್ತದೆ, ಕಾಯುವುದು ಇಲ್ಲ ಅನ್ನುವ ಕಾರಣಕ್ಕೆ ನಮ್ಮ ದೇಶದಲ್ಲಿ ತುಂಬಾ ಪ್ರಚಾರದಲ್ಲಿದೆ. ಇದರಿಂದ ಸುಖವಾಗಿರುವವರೂ ಇದ್ದಾರೆ. ನಾನು ಹಿಂಜರಿಯುವುದು ಯಾಕೆಂದರೆ, ಮಾಮೂಲಿ ಇಂಪ್ಲಾಂಟ್‌ಗೆ ಇರುವಷ್ಟು ದೀರ್ಘಕಾಲದ ಅಧ್ಯಯನ ಇದಕ್ಕಿಲ್ಲ, ಹಲ್ಲನ್ನು ಹೆಚ್ಚಾಗಿ ಸಿಮೆಂಟ್ ಹಾಕಿಯೇ ಅಂಟಿಸುತ್ತಾರೆ, ಮತ್ತೆ ಕೆಟ್ಟರೆ ರಿಪೇರಿ ಮಾಡಲು ಎಲ್ಲ ಡಾಕ್ಟರೂ ಮುಂದೆ ಬರುವುದಿಲ್ಲ. ಮಾಡಿಸುವುದೇ ಆದರೆ ಐದು ವರ್ಷ ಹಿಂದೆ ಅವರ ಹತ್ತಿರವೇ ಮಾಡಿಸಿಕೊಂಡವರನ್ನು ಮಾತಾಡಿಸಿ ಆಮೇಲೆ ಹೆಜ್ಜೆ ಇಡಿ.

ಮೇಲಿನ ದವಡೆಯಲ್ಲಿ ಮೂಳೆಯೇ ಇಲ್ಲದವರಿಗೆ ಕೆನ್ನೆಯ ಮೂಳೆಗೆ ಹೋಗುವ ಝೈಗೋಮ್ಯಾಟಿಕ್ ಇಂಪ್ಲಾಂಟ್ ಇದೆ. ಮಾಮೂಲಿ ಇಂಪ್ಲಾಂಟ್ 8ರಿಂದ 15 ಮಿಲಿಮೀಟರ್ ಇದ್ದರೆ ಇದು 30ರಿಂದ 50ರವರೆಗೆ. ಕಣ್ಣಿನ ಗೂಡಿನ ಹತ್ತಿರದ ಕೆಲಸ. ಇದರಲ್ಲೇ ಪಳಗಿದ ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸಕರು ಮಾತ್ರ ಮಾಡಬೇಕು.

ಸ್ವಲ್ಪ ತಡೆಯಬೇಕಾದವರು

ಸಕ್ಕರೆ ಕಾಯಿಲೆ ಇದ್ದ ಮಾತ್ರಕ್ಕೆ ಇಂಪ್ಲಾಂಟ್ ಆಗಲ್ಲ ಅಂತಲ್ಲ. ಹತೋಟಿಯಲ್ಲಿರಬೇಕು ಅಷ್ಟೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 7ರ ಆಸುಪಾಸು ಇದ್ದರೆ ಒಳ್ಳೆಯದು, 8 ದಾಟಿದ್ದರೆ ಮೊದಲು ಅದನ್ನು ಇಳಿಸಿಕೊಳ್ಳಿ. ಬೀಡಿ ಸಿಗರೇಟು ಇಂಪ್ಲಾಂಟ್ ಸೋಲುವ ದೊಡ್ಡ ಕಾರಣಗಳಲ್ಲಿ ಒಂದು. ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾ ಹಾಕುವವರಲ್ಲಿ ಇನ್ನೊಂದು ತೊಡಕು ಇದೆ, ಕೆನ್ನೆಯ ಒಳಭಾಗ ಬಿರುಸಾಗಿ ಬಾಯಿ ಪೂರ್ತಿ ತೆರೆಯಲು ಆಗಲ್ಲ. ಹಾಗಾದರೆ ಡ್ರಿಲ್ ಒಳಗೆ ಹೋಗುವುದೇ ಕಷ್ಟ. ಜೊತೆಗೆ ಬಾಯೊಳಗೆ ಬಿಳಿ ಮಚ್ಚೆ, ವಾಸಿಯಾಗದ ಹುಣ್ಣು ಇದ್ದರೆ ಹಲ್ಲಿನ ಮಾತು ಬದಿಗಿಟ್ಟು ಮೊದಲು ಅದನ್ನು ಪರೀಕ್ಷೆ ಮಾಡಿಸಿ.

ಮೂಳೆ ಸವೆತಕ್ಕೆ ಇಂಜೆಕ್ಷನ್ ತಗೊಳ್ಳುವ ಹೆಂಗಸರು ಇದನ್ನು ತಪ್ಪದೆ ಓದಿ. ಜೊಲೆಡ್ರೋನಿಕ್ ಆಸಿಡ್ ಅನ್ನುವುದು ವರ್ಷಕ್ಕೊಮ್ಮೆ, ಡೆನೊಸುಮ್ಯಾಬ್ ಆರು ತಿಂಗಳಿಗೊಮ್ಮೆ ಕೊಡುವಂಥದ್ದು. ದಿನಾ ನುಂಗುವ ಮಾತ್ರೆ ಅಲ್ಲವಲ್ಲ, ಹಾಗಾಗಿ "ಏನೇನು ಔಷಧಿ ತಗೋತೀರಿ" ಅಂತ ಹಲ್ಲಿನ ಡಾಕ್ಟರು ಕೇಳಿದಾಗ ನೆನಪಿಗೇ ಬರಲ್ಲ. ಇವು ತಗೊಂಡವರಲ್ಲಿ ಹಲ್ಲು ಕಿತ್ತರೆ ಅಥವಾ ಇಂಪ್ಲಾಂಟ್ ಹಾಕಿದರೆ ದವಡೆ ಮೂಳೆ ವಾಸಿಯಾಗದೆ ಕೊಳೆಯುವ ಅಪಾಯ ಇದೆ. ಮೂಳೆ ಸವೆತಕ್ಕೆ ಕೊಡುವ ಪ್ರಮಾಣದಲ್ಲಿ ಅಪಾಯ ಕಡಿಮೆ, ಕ್ಯಾನ್ಸರ್‌ಗೆ ಕೊಡುವ ಪ್ರಮಾಣದಲ್ಲಿ ಜಾಸ್ತಿ. ಕತ್ತು, ದವಡೆಗೆ ರೇಡಿಯೇಷನ್ ಆಗಿದ್ದರೂ ಹೇಳಲೇಬೇಕು. ರಕ್ತ ತೆಳುವಾಗಲು ತಗೊಳ್ಳುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಹೃದಯದ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ಔಷಧಿ ಚೀಟಿಗಳ ಫೈಲ್ ಪೂರ್ತಿ ತಗೊಂಡು ಹೋದರೆ ಎಲ್ಲಕ್ಕಿಂತ ಒಳ್ಳೆಯದು.

ದುಡ್ಡಿನ ಮಾತು

ಫಿಕ್ಸೆಡ್ ಸಾಲಿಗೆ ಬೆಂಗಳೂರಿನಲ್ಲಿ ಒಂದು ದವಡೆಗೆ ಸುಮಾರು 2ರಿಂದ 4 ಲಕ್ಷ ಹೇಳುತ್ತಾರೆ, ಜಿರ್ಕೋನಿಯಾ ಮತ್ತು ಸ್ವಿಟ್ಜರ್ಲೆಂಡಿನ ಸ್ಟ್ರಾಮನ್, ನೋಬೆಲ್ ಬಯೋಕೇರ್ ಥರದ ಕಂಪನಿ ಆದರೆ ಇನ್ನೂ ಮೇಲೆ. ಕೊರಿಯಾದ ಆಸ್ಟೆಮ್, ಡೆಂಟಿಯಂ, ಇಸ್ರೇಲಿನ ಆಲ್ಫಾ ಬಯೋ, ಅಡಿನ್ ಇವು ನಮ್ಮಲ್ಲಿ ತುಂಬಾ ಬಳಕೆಯಲ್ಲಿರುವ, ಕಡಿಮೆ ಬೆಲೆಯವು. ಕಂಪನಿ ಹೆಸರಿಗಿಂತ ಹಾಕುವ ಕೈ ಮುಖ್ಯ. ಆದರೂ ಹೆಸರೇ ಹೇಳದ "ಇಂಪೋರ್ಟೆಡ್ ಇಂಪ್ಲಾಂಟ್" ಬೇಡ, ಯಾಕೆಂದರೆ ಹತ್ತು ವರ್ಷದ ನಂತರ ಅದಕ್ಕೆ ಹೊಂದುವ ಸ್ಕ್ರೂ ಬೇಕಾದಾಗ ಯಾವ ಕಂಪನಿ ಅಂತ ಗೊತ್ತಿರಬೇಕು.

ಲೆಕ್ಕ ಕೇಳುವಾಗ ಬಿಡಿಸಿ ಬರೆಸಿಕೊಳ್ಳಿ. ಸ್ಕ್ಯಾನ್, ಹಲ್ಲು ಕೀಳುವುದು, ಮೂಳೆ ಕಸಿ, ಇಂಪ್ಲಾಂಟ್, ತಾತ್ಕಾಲಿಕ ಸಾಲು, ಕಾಯಂ ಸಾಲು, ಆಮೇಲಿನ ವರ್ಷದ ತಪಾಸಣೆ, ಎಲ್ಲವೂ ಸೇರಿದೆಯಾ? ಒಂದು ಇಂಪ್ಲಾಂಟ್ ಕೂಡಿಕೊಳ್ಳದೆ ಹೋದರೆ ಮತ್ತೆ ಹಾಕುವ ಖರ್ಚು ಯಾರದು? "ಲೈಫ್ ಟೈಮ್ ಗ್ಯಾರಂಟಿ" ಅಂದರೆ ಕಂಪನಿ ಬರೀ ಸ್ಕ್ರೂ ಕೊಡುತ್ತದಾ, ಡಾಕ್ಟರ ಫೀಸು, ಮೇಲಿನ ಹಲ್ಲು ಸೇರುತ್ತದಾ? ಅದೇ ದಿನ ಇಎಂಐ ಪೇಪರ್‌ಗೆ ಸಹಿ ಹಾಕಿದರೆ ರಿಯಾಯಿತಿ ಅಂದರೆ ಸಹಿ ಹಾಕಬೇಡಿ. ಹೆಲ್ತ್ ಇನ್ಶೂರೆನ್ಸ್ ಸಾಮಾನ್ಯವಾಗಿ ಅಪಘಾತದಲ್ಲಿ ಹೋದ ಹಲ್ಲಿಗೆ ಬಿಟ್ಟು ಇದಕ್ಕೆಲ್ಲ ದುಡ್ಡು ಕೊಡಲ್ಲ, ನಿಮ್ಮ ಪಾಲಿಸಿಯನ್ನು ಒಮ್ಮೆ ಓದಿ.

ಕ್ಲಿನಿಕ್ ಬಿಟ್ಟು ಡೆಂಟಲ್ ಕಾಲೇಜನ್ನೂ ನೋಡಿ ಅಂತ ನಾನು ಒತ್ತಿ ಹೇಳುತ್ತೇನೆ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು, ಮೈಸೂರಿನ ಜೆಎಸ್‌ಎಸ್, ಧಾರವಾಡದ ಎಸ್‌ಡಿಎಂ, ದಾವಣಗೆರೆಯ ಬಾಪೂಜಿ, ಮಣಿಪಾಲ, ಮಂಗಳೂರು, ಬೆಳಗಾವಿಯ ಕೆಎಲ್‌ಇ, ಹೀಗೆ ನಮ್ಮ ರಾಜ್ಯದಲ್ಲಿ ಕಾಲೇಜುಗಳಿಗೆ ಬರ ಇಲ್ಲ. ಅಲ್ಲಿ ಪ್ರಾಸ್ತೊಡಾಂಟಿಕ್ಸ್ ವಿಭಾಗಕ್ಕೆ ಹೋಗಿ, ಸೆಟ್ಟು ಮತ್ತು ಇಂಪ್ಲಾಂಟ್ ಹಲ್ಲು ಕಟ್ಟುವುದರಲ್ಲೇ ಎಂಡಿಎಸ್ ಮಾಡಿದವರು ಅಲ್ಲಿರುತ್ತಾರೆ. ಓಡಾಟ ಜಾಸ್ತಿ, ಕಾಯುವುದು ಜಾಸ್ತಿ, ವಿದ್ಯಾರ್ಥಿಗಳ ಕೈಯಲ್ಲಿ ಕೆಲಸ ಆಗಬಹುದು, ಆದರೆ ಪ್ರೊಫೆಸರ್‌ಗಳು ಹಂತ ಹಂತವಾಗಿ ನೋಡುತ್ತಾರೆ. ಕೊನೇಪಕ್ಷ ಎರಡನೇ ಅಭಿಪ್ರಾಯಕ್ಕಾದರೂ ಹೋಗಿ ಬನ್ನಿ. ಅವರಿಗೆ ನಿಮಗೆ ಆರು ಲಕ್ಷದ ಪ್ಯಾಕೇಜ್ ಮಾರುವ ಆತುರ ಇರುವುದಿಲ್ಲ.

ಯಾರಿಗೆ ಯಾವುದು ಅಂತ ನನ್ನನ್ನು ಕೇಳಿದರೆ, 70ರ ಮೇಲಿನ, ಕೆಳಗಿನ ಸೆಟ್ಟಿನಿಂದ ಒದ್ದಾಡುವ ಅಮ್ಮನಿಗೆ ಮೇಲೆ ಒಳ್ಳೆಯ ಹೊಸ ಸೆಟ್ಟು, ಕೆಳಗೆ ಎರಡು ಇಂಪ್ಲಾಂಟ್ ಮೇಲೆ ಸೆಟ್ಟು. 50, 55ಕ್ಕೇ ಹಲ್ಲೆಲ್ಲ ಕಳೆದುಕೊಂಡ, ಇನ್ನೂ ದುಡಿಯುವ, ಆರೋಗ್ಯ ಚೆನ್ನಾಗಿರುವ, ದಿನಾ ಹತ್ತು ನಿಮಿಷ ತೊಳೆದುಕೊಳ್ಳುವ ಶಿಸ್ತು ಇರುವವರಿಗೆ ಫಿಕ್ಸೆಡ್, ದುಡ್ಡು ಸಾಲದಿದ್ದರೆ ಕೆಳಗಿನದು ಈಗ, ಮೇಲಿನದು ಎರಡು ವರ್ಷ ಬಿಟ್ಟು. ಸಾಲ ಮಾಡಿ ಮಾಡಿಸಬೇಕಾದ ಪರಿಸ್ಥಿತಿಯಲ್ಲಿ ಎರಡು ಇಂಪ್ಲಾಂಟ್‌ಗಿಂತ ಮುಂದೆ ಹೋಗಬೇಡಿ. ಮುಂದೆ ದುಡ್ಡು ಕೂಡಿ ಬಂದಾಗ, ಮೊದಲೇ ಜಾಗ ಯೋಚಿಸಿ ಹಾಕಿಸಿದ್ದರೆ, ಅದೇ ಎರಡಕ್ಕೆ ಇನ್ನೆರಡು ಸೇರಿಸಿ ಫಿಕ್ಸೆಡ್ ಮಾಡುವ ದಾರಿ ಇದೆ. ಮೊದಲ ಆಪರೇಷನ್‌ಗೆ ಮುಂಚೆಯೇ ಡಾಕ್ಟರಿಗೆ ಈ ಆಸೆ ಇದೆ ಅಂತ ಹೇಳಿಡಿ.

ಅಮೆರಿಕ, ಗಲ್ಫ್ ಕಡೆಯಿಂದ ರಜೆಗೆ ಬಂದು ಇಲ್ಲೇ ಮಾಡಿಸಿಕೊಳ್ಳುವವರಿಗೆ ಒಂದು ಸಲಹೆ. ಅಮೆರಿಕದಲ್ಲಿ ಒಂದು ದವಡೆಗೇ 20,000 ಡಾಲರ್ ದಾಟುವುದು ಸಾಮಾನ್ಯವಾದ್ದರಿಂದ ಇಲ್ಲಿ ಮಾಡಿಸುವುದರಲ್ಲಿ ಅರ್ಥ ಇದೆ, ಆದರೆ ಮೂರು ವಾರದ ರಜೆಯಲ್ಲಿ ಮುಗಿಯುವ ಕೆಲಸ ಅಲ್ಲ. ಎರಡು ಸಲ ಬರುವ ಹಾಗೆ ಯೋಜನೆ ಮಾಡಿ. ಮೊದಲ ಸಲ ಇಂಪ್ಲಾಂಟ್ ಮತ್ತು ತಾತ್ಕಾಲಿಕ ಹಲ್ಲು, ಕನಿಷ್ಠ ನಾಲ್ಕು ತಿಂಗಳು ಬಿಟ್ಟು ಕಾಯಂ ಸಾಲು. ನಿಮ್ಮ ದೇಶದಲ್ಲೂ ಬಿಡಿಭಾಗ ಸಿಗುವ ಕಂಪನಿಯ ಇಂಪ್ಲಾಂಟನ್ನೇ ಹಾಕಿಸಿ. ಸ್ಕ್ಯಾನ್ ಫೈಲ್, ಕಂಪನಿ, ಅಳತೆ, ಲಾಟ್ ನಂಬರ್ ಇರುವ ಸ್ಟಿಕ್ಕರ್ ಕಾರ್ಡ್ ಎಲ್ಲ ಕೇಳಿ ತಗೊಳ್ಳಿ, ಅಲ್ಲಿ ಸ್ಕ್ರೂ ಸಡಿಲವಾದರೆ ನೋಡಲು ಒಪ್ಪುವ ಡಾಕ್ಟರ್ ಇದ್ದಾರಾ ಅಂತ ಹೊರಡುವ ಮೊದಲೇ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಊರಲ್ಲಿರುವ ಅಪ್ಪ ಅಮ್ಮನಿಗೆ ಮಾಡಿಸುತ್ತಿದ್ದರೂ ಆ ಕಾರ್ಡಿನ ಫೋಟೊ ನಿಮ್ಮ ಮೊಬೈಲಿನಲ್ಲಿ ಇರಲಿ, ಕ್ಲಿನಿಕ್ ಮುಚ್ಚಿದರೂ ಮುಂದಿನ ಡಾಕ್ಟರಿಗೆ ಅದೊಂದೇ ಸಾಕಾಗುತ್ತದೆ.